ಗಾಳಿಗೆ ಹಲಗೆ, ನೀರಿಗೇನು?

ಅಮೆರಿಕದ ಆಗ್ನೇಯ ಕರಾವಳಿಯತ್ತ ಹರಿಕೇನ್ ಬರುತ್ತಿದೆ ಎಂಬ ಸುದ್ದಿ ಹೊರಟಾಗಲೆಲ್ಲ ಟೀವಿಯಲ್ಲಿ ಕಾಣುವುದು ಅವೇ ದೃಶ್ಯಗಳು. ಕಿಟಕಿಗಳಿಗೆ ಪ್ಲೈವುಡ್ ಬಡಿಯುವವರು, ಪೆಟ್ರೋಲ್ ಬಂಕಿನ ಮುಂದೆ ಹನುಮಂತನ ಬಾಲದಂಥ ಸಾಲು, ನೀರಿನ ಬಾಟಲಿಗಳು ಖಾಲಿಯಾದ ಅಂಗಡಿಗಳು, ಬಾಗಿಲಿಗೆ ಅಡ್ಡ ಪೇರಿಸಿದ ಮರಳಿನ ಚೀಲಗಳು. ಕೊನೆಯಲ್ಲಿ, ಸರ್ಕಾರ ಹೇಳಿದರೂ ತಾನು ಮನೆ ಬಿಡುವವನಲ್ಲ ಎಂದು ಕ್ಯಾಮೆರಾ ಮುಂದೆ ನಗುವ ಒಬ್ಬ ಹಿರಿಯ. ಎರಡು ದಿನ ಕಳೆದು ಅದೇ ಊರಿನ ಸಾವಿನ ಲೆಕ್ಕ ಬರುವಾಗ ನೋಡುಗರ ಬಾಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ಹೇಳಿದ್ದನ್ನು ಕೇಳಲಿಲ್ಲ, ಅನುಭವಿಸಿದರು. ಈ ತೀರ್ಪು ಅನ್ಯಾಯದ್ದು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ಮುಂದಿನ ಚಂಡಮಾರುತದಲ್ಲೂ ಜನರನ್ನು ಸಾಯಲು ಬಿಡುವಂಥದ್ದು. ಮನೆ ಬಿಟ್ಟು ಹೊರಡುವುದನ್ನು ಒಬ್ಬೊಬ್ಬರ ವಿವೇಕಕ್ಕೆ ಬಿಟ್ಟ ವಿಷಯವೆಂದು ತಿಳಿದರೆ, ಹೊರಡುವ ಅನುಕೂಲವನ್ನು ಮಾಡಿಕೊಡಬೇಕಾದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೊದಲು ಆ ಹಲಗೆಗಳ ವಿಚಾರ. ಪ್ಲೈವುಡ್ ತಡೆಯುವುದು ಗಾಳಿಯನ್ನು. ಹರಿಕೇನ್‌ನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ನೀರು. 1963ರಿಂದ 2012ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳಿಂದ ಅಮೆರಿಕದಲ್ಲಿ ಆದ ನೇರ ಸಾವುಗಳನ್ನು ಅಲ್ಲಿನ ರಾಷ್ಟ್ರೀಯ ಹರಿಕೇನ್ ಕೇಂದ್ರದ ತಜ್ಞರು ವಿಂಗಡಿಸಿ ನೋಡಿದ್ದಾರೆ. ಸುಮಾರು ಅರ್ಧದಷ್ಟು ಸಾವಿಗೆ ಕಾರಣ ದಡ ಮೀರಿ ಒಳನುಗ್ಗಿದ ಕಡಲು. ಕಾಲು ಭಾಗಕ್ಕಿಂತ ತುಸು ಹೆಚ್ಚಿನದಕ್ಕೆ ಮಳೆಯ ನೆರೆ. ಗಾಳಿಯ ಪಾಲು ಹತ್ತರಲ್ಲೊಂದನ್ನೂ ದಾಟಲಿಲ್ಲ. ಆನಂತರದ ಹತ್ತು ವರ್ಷಗಳಲ್ಲಿ ಮಳೆನೀರೇ ಮುಂದಿನ ಸಾಲಿಗೆ ಬಂತು. 2024ರ ಸೆಪ್ಟೆಂಬರಿನ ಹೆಲೀನ್ ಫ್ಲಾರಿಡಾದ ದಡಕ್ಕೆ ಅಪ್ಪಳಿಸಿದರೂ, ಅದು ಅತಿ ಹೆಚ್ಚು ಜನರನ್ನು ಕೊಂದದ್ದು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಉತ್ತರ ಕೆರೊಲಿನಾದ ಬೆಟ್ಟಸೀಮೆಯಲ್ಲಿ. ಹೀಗಿದ್ದೂ ಜನರ ಕಿವಿಗೆ ಮೊದಲು ಬೀಳುವುದು ಗಾಳಿಯ ಅಂಕಿಯೇ. ಒಂದರಿಂದ ಐದರವರೆಗಿನ ಸಾಫಿರ್–ಸಿಂಪ್ಸನ್ ಶ್ರೇಣಿ ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಚಂಡಮಾರುತ ಎಷ್ಟು ಅಗಲವಿದೆ, ಎಷ್ಟು ನಿಧಾನವಾಗಿ ಸಾಗುತ್ತಿದೆ, ಎಷ್ಟು ನೀರನ್ನು ದಡಕ್ಕೆ ತಳ್ಳುತ್ತದೆ ಎಂಬ ಯಾವುದೂ ಅದರಲ್ಲಿಲ್ಲ. 2008ರ ಸೆಪ್ಟೆಂಬರ್ 13ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಬಂದ ಐಕ್ ಎರಡನೇ ಶ್ರೇಣಿಯದು. ಎರಡೇ ತಾನೆ ಎಂದುಕೊಂಡವರ ಪಕ್ಕದ ಬೊಲಿವರ್ ಪರ್ಯಾಯ ದ್ವೀಪದಲ್ಲಿ 15ರಿಂದ 20 ಅಡಿ ನೀರು ಏರಿ, ಬೀದಿಗೆ ಬೀದಿಯೇ ಕಾಣೆಯಾಯಿತು.

ಹಾಗೆಂದು ಗಾಳಿಯನ್ನು ಹಗುರವಾಗಿ ಕಾಣುವಂತಿಲ್ಲ. ಗಾಳಿಯ ಕಥೆಯಲ್ಲೇ ನನ್ನ ವಾದಕ್ಕೆ ಬೇಕಾದ ಒಳ್ಳೆಯ ಪುರಾವೆಯೊಂದಿದೆ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಮಿಯಾಮಿಯ ದಕ್ಷಿಣಕ್ಕೆ ಬಂದಾಗ 25,000ಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ತನಿಖೆಯಲ್ಲಿ ಹೊರಬಿದ್ದದ್ದು ಕಳಪೆ ಕಾಮಗಾರಿ, ಕಣ್ಣು ಮುಚ್ಚಿಕೊಂಡ ತಪಾಸಣೆ. ಮನೆಯ ಮಾಲೀಕರು ಇನ್ನಷ್ಟು ಹಲಗೆ ಬಡಿಯಬೇಕಿತ್ತು ಎಂದು ಆಗ ಯಾರೂ ಉಪದೇಶ ಮಾಡಲಿಲ್ಲ. ಫ್ಲಾರಿಡಾ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ರೂಪಿಸಿ 2002ರಲ್ಲಿ ಜಾರಿಗೆ ತಂದಿತು: ಮಾಡನ್ನು ಗೋಡೆಗೆ ಹೇಗೆ ಬಿಗಿಯಬೇಕು, ಕಿಟಕಿಯ ಗಾಜು ಎಂಥ ಪೆಟ್ಟು ತಾಳಬೇಕು ಎಂಬುದೆಲ್ಲ ಕಾನೂನಾಯಿತು. ಅದಾದ ಮೇಲೆ ಕಟ್ಟಿದ ಮನೆಗಳು ಹಳೆಯವುಗಳಿಗಿಂತ ಚೆನ್ನಾಗಿ ನಿಂತಿರುವುದನ್ನು ನಂತರ ಬಂದ ಚಂಡಮಾರುತಗಳು ತೋರಿಸಿಕೊಟ್ಟಿವೆ. ಗಾಳಿಯ ವಿಷಯದಲ್ಲಿ ಸಮಾಜ ಹೊಣೆಯನ್ನು ಸುತ್ತಿಗೆ ಹಿಡಿದ ಒಬ್ಬೊಬ್ಬರ ಕೈಯಿಂದ ತೆಗೆದು ತಾನೇ ಹೊತ್ತುಕೊಂಡಿತು. ನೀರಿನ ವಿಷಯದಲ್ಲಿ ಅಷ್ಟರಮಟ್ಟಿಗೆ ಹೊತ್ತುಕೊಂಡಿಲ್ಲ. ಹನ್ನೆರಡು ಅಡಿ ನೀರಿಗೆ ಅಡ್ಡ ನಿಲ್ಲುವ ಹಲಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕಿರುವ ಮುಖ್ಯ ಸಿದ್ಧತೆ ಜಾಗ ಬಿಡುವುದು. ಜಾಗ ಬಿಡಬೇಕೆಂದರೆ ಗಾಡಿ ಬೇಕು, ಕೈಯಲ್ಲಿ ಹಣ ಬೇಕು, ಹೋಗಲೊಂದು ನೆಲೆ ಬೇಕು, ನಡೆಯುವ ಕಾಲು ಬೇಕು.

ಇವು ಇಲ್ಲದವರ ಗತಿ ಏನೆಂದು 2005ರ ಕತ್ರೀನಾ ಜಗತ್ತಿಗೇ ತೋರಿಸಿತು. ಆಗಸ್ಟ್ 28ರ ಭಾನುವಾರ ಬೆಳಿಗ್ಗೆ ನ್ಯೂ ಆರ್ಲಿಯನ್ಸ್ ಮೇಯರ್ ರೇ ನೇಗಿನ್ ಕಡ್ಡಾಯ ತೆರವಿನ ಆದೇಶ ಹೊರಡಿಸಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ಚಂಡಮಾರುತ ದಡದಲ್ಲಿತ್ತು. ನಗರದ ಐವರಲ್ಲಿ ನಾಲ್ವರು ಹೊರಟುಹೋಗಿದ್ದರು. ತರಾತುರಿಯ ಆದೇಶಕ್ಕೆ ಇದು ಸಣ್ಣ ಸಾಧನೆಯಲ್ಲ. ಉಳಿದ ಸುಮಾರು ಒಂದು ಲಕ್ಷ ಜನ ಯಾರು? ಆ ನಗರದ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚಿನ ಮನೆಗಳಿಗೆ ಕಾರೇ ಇರಲಿಲ್ಲ. ಅದು ತಿಂಗಳ ಕೊನೆ. ಸಂಬಳವನ್ನೋ ಸರ್ಕಾರದ ನೆರವನ್ನೋ ನಂಬಿ ಬದುಕುವವರ ಕೈ ಬರಿದಾಗಿರುವ ಹೊತ್ತು. ಲೂಯಿಸಿಯಾನಾದಲ್ಲಿ ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ 75 ದಾಟಿದವರು. ಎಪ್ಪತ್ತೈದು ದಾಟಿದ ಅಷ್ಟೊಂದು ಮಂದಿ ಒಂದೇ ದಿನ ಒಟ್ಟಾಗಿ ಮೊಂಡು ಹಿಡಿದರೆಂದು ನಂಬುವುದು ಕಷ್ಟ. ನೆರೆ ಬಂದ ಮೇಲೆ ಆಕಾಶದಿಂದ ತೆಗೆದ ಚಿತ್ರವೊಂದು ಪತ್ರಿಕೆಗಳಲ್ಲೆಲ್ಲ ಬಂತು: ನಿಲುಗಡೆ ಜಾಗದಲ್ಲಿ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತ ಹಳದಿ ಶಾಲಾ ಬಸ್ಸುಗಳು, ಕಿಟಕಿಯ ಮಟ್ಟಕ್ಕೆ ನೀರು. ಬಸ್ಸುಗಳಿದ್ದವು. ಅವನ್ನು ಓಡಿಸುವ ಚಾಲಕರು ಯಾರು, ಎಲ್ಲಿಗೆ ಓಡಿಸಬೇಕು ಎಂಬುದನ್ನು ಯಾರೂ ಮೊದಲೇ ತೀರ್ಮಾನಿಸಿರಲಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಕಾರು, ಹಣ, ಆರೋಗ್ಯ ಎಲ್ಲ ಇದ್ದವರೂ ಉಳಿದುಬಿಡುತ್ತಾರಲ್ಲ, ಅವರಿಗೇನೆನ್ನುವುದು? ನಿಜ, ಉಳಿಯುತ್ತಾರೆ. ಆದರೆ ಅವರಲ್ಲಿ ಅನೇಕರನ್ನು ಉಳಿಸುವುದು ಉಡಾಫೆಯಲ್ಲ, ಅನುಭವ. 1969ರ ಕಮೀಲ್ ಐದನೇ ಶ್ರೇಣಿಯ ಹರಿಕೇನ್. ಮಿಸಿಸಿಪ್ಪಿ ದಡದಲ್ಲಿ 24 ಅಡಿಯಷ್ಟು ನೀರು ತಂದಿತ್ತು. ಅಂದು ತಮ್ಮ ಮನೆಗೆ ನೀರು ಬಂದಿರಲಿಲ್ಲವೆಂಬ ನೆನಪನ್ನೇ ನೆಚ್ಚಿಕೊಂಡು 2005ರಲ್ಲಿ ಉಳಿದವರಿದ್ದರು. ಕತ್ರೀನಾ ದಡ ಸೇರುವಾಗ ಮೂರನೇ ಶ್ರೇಣಿಗೆ ಇಳಿದಿತ್ತು, ತಂದ ನೀರು ಮಾತ್ರ ಸುಮಾರು 28 ಅಡಿ. ಫ್ಲಾರಿಡಾದ ಲೀ ಕೌಂಟಿಯ ಕಥೆ ಇದಕ್ಕಿಂತ ಕಹಿ. 2004ರಲ್ಲಿ ಚಾರ್ಲಿ, 2022ರಲ್ಲಿ ಇಯಾನ್ — ಎರಡೂ ನಾಲ್ಕನೇ ಶ್ರೇಣಿಯವು, ಎರಡೂ ಮೊದಲು ತಾಕಿದ್ದು ಕಾಯೋ ಕೋಸ್ಟಾ ಎಂಬ ಅದೇ ದ್ವೀಪಕ್ಕೆ. ಚಾರ್ಲಿ ಚಿಕ್ಕದು, ಚುರುಕಿನದು. ಗಾಳಿಯ ಹೊಡೆತ ಕೊಟ್ಟು ಸರಸರನೆ ದಾಟಿಹೋಯಿತು. ಇಯಾನ್ ದೊಡ್ಡದು, ನಿಧಾನದ್ದು. ಫೋರ್ಟ್ ಮೈಯರ್ಸ್ ಬೀಚ್ ಮೇಲೆ 10ರಿಂದ 15 ಅಡಿ ಕಡಲನ್ನು ಹೇರಿತು. ಚಾರ್ಲಿಯನ್ನು ಕಂಡವರು ಕಲಿತ ಪಾಠ ಸುಳ್ಳಲ್ಲ, ಅದು ಬೇರೆ ಚಂಡಮಾರುತದ ಪಾಠ. ಅದಕ್ಕೆ ಸೇರಿಕೊಂಡದ್ದು ಮುನ್ಸೂಚನೆಯ ನಕ್ಷೆಯಲ್ಲಿ ಶಂಕುವಿನಂತೆ ಅಗಲವಾಗುತ್ತ ಹೋಗುವ ಬಿಳಿಯ ಪಟ್ಟಿ. ಚಂಡಮಾರುತದ ನಡುಬಿಂದು ಮೂರರಲ್ಲಿ ಎರಡು ಸಲ ಅದರೊಳಗೇ ಸಾಗುತ್ತದೆ ಎಂಬುದಷ್ಟೇ ಅದರ ಅರ್ಥ. ಅಪಾಯ ಎಲ್ಲಿಯವರೆಗೆ ಎಂದು ಅದು ಹೇಳುವುದಿಲ್ಲ. ಇಯಾನ್ ಟ್ಯಾಂಪಾ ಕಡೆಗೆ ಹೋಗುತ್ತದೆಂದು ದಿನಗಟ್ಟಲೆ ಕೇಳಿದ್ದ ಜನಕ್ಕೆ, ಪಟ್ಟಿಯ ಅಂಚಿನಲ್ಲಿದ್ದ ತಾವು ಬಚಾವಾದಂತೆ ಕಂಡಿತು. ಜನಕ್ಕೆ ಮಾತ್ರವೇ? ಅಕ್ಕಪಕ್ಕದ ಕೆಲವು ಕೌಂಟಿಗಳು ಸೆಪ್ಟೆಂಬರ್ 26ರಂದೇ ತೆರವಿನ ಆದೇಶ ಕೊಟ್ಟಿದ್ದರೆ ಲೀ ಕೌಂಟಿಯ ಆಡಳಿತ ಕೊಟ್ಟದ್ದು 27ರ ಬೆಳಿಗ್ಗೆ, ಅಂದರೆ ಕಡಲು ಒಳಬರುವುದಕ್ಕೆ ಒಂದು ದಿನದ ಮೊದಲು. ತಜ್ಞರ ಸಲಹೆ ಪಡೆಯುವ ಆಡಳಿತವೇ ನಕ್ಷೆ ನೋಡಿ ಅನುಮಾನಿಸುತ್ತ ಕೂತಿರುವಾಗ ನಿವೃತ್ತ ದಂಪತಿಯೊಂದನ್ನು ಮಾತ್ರ ಮೂಢರೆನ್ನುವುದು ಯಾವ ನ್ಯಾಯ?

ಉಳಿಯಲು ಇನ್ನೂ ಚಿಲ್ಲರೆ ಕಾರಣಗಳಿವೆ, ಚಿಲ್ಲರೆಯಾದರೂ ಮನುಷ್ಯ ಸಹಜವಾದವು. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಕೆಲಸ ಹೋಗುವ ಭಯ, ಹೋದರೆ ವಾಪಸು ಬಿಡುವುದು ಯಾವಾಗಲೋ ಎಂಬ ಆತಂಕ, ಸಾಕಿದ ನಾಯಿ. ಕತ್ರೀನಾ ವೇಳೆ ನಾಯಿಯನ್ನು ಬಿಟ್ಟು ಬರಲೊಲ್ಲದವರ ಪಾಡು ಕಂಡ ಮೇಲೆ, ತೆರವಿನ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು 2006ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿತು. ಬೈದು ಬದಲಾಯಿಸಲಾಗದ್ದನ್ನು ವ್ಯವಸ್ಥೆ ಮಾಡಿ ಬದಲಾಯಿಸಬಹುದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಹಾಗಾದರೆ ಎಲ್ಲರನ್ನೂ ಹೊರಡಿಸಿಬಿಟ್ಟರೆ ಮುಗಿಯಿತೇ? ಮುಗಿಯದು. ಕತ್ರೀನಾ ಕಳೆದು ಒಂದು ತಿಂಗಳೂ ಆಗಿರಲಿಲ್ಲ, ಹ್ಯೂಸ್ಟನ್ ಕಡೆಗೆ ರೀಟಾ ಬರುತ್ತಿತ್ತು. ಭಯಬಿದ್ದ ಜನ, ಹೋಗಬೇಕಾದವರೂ ಹೋಗಬೇಕಿಲ್ಲದವರೂ, ಕಾರು ಹತ್ತಿದರು. ಕಡಿಮೆ ಲೆಕ್ಕ ಹಿಡಿದರೂ 25 ಲಕ್ಷ. ಹೆದ್ದಾರಿಗಳು ಒಂದು ದಿನ ಪೂರ್ತಿ ಕದಲಲಿಲ್ಲ; ಸುಡುಬಿಸಿಲು, ಮುಗಿದ ಪೆಟ್ರೋಲ್, ಕಾರಿನೊಳಗೆ ಬೆಂದ ರೋಗಿಗಳು. ಡಲ್ಲಾಸ್ ಸಮೀಪ ವೃದ್ಧರನ್ನು ಒಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರ್‌ಗಳು ಸಿಡಿದು 23 ಮಂದಿ ಸತ್ತರು. ರೀಟಾ ಕೊನೆಗೆ ಪೂರ್ವಕ್ಕೆ ಹೊರಳಿತು, ಹ್ಯೂಸ್ಟನ್ ಉಳಿಯಿತು. ಆ ಚಂಡಮಾರುತದ ಲೆಕ್ಕಕ್ಕೆ ಬಂದ ಸಾವುಗಳಲ್ಲಿ ಹೆಚ್ಚಿನವು ಈ ಪಲಾಯನದಲ್ಲಿ ಆದವು. 2017ರಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್ ಆಡಳಿತ ತೆರವಿನ ಆದೇಶ ಕೊಡದಿರುವುದರ ಹಿಂದೆ ಇದೇ ನೆನಪಿತ್ತು. ದೂರ ಓಡುವುದೇ ಸುರಕ್ಷತೆ ಎಂಬ ನಂಬಿಕೆಯನ್ನು ರೀಟಾ ಒಡೆಯಿತು. ಓಡಬೇಕಾದದ್ದು ನೀರಿನಿಂದ, ಗಾಳಿಯಿಂದ ಗಟ್ಟಿ ಕಟ್ಟಡದೊಳಗೆ ಮರೆಯಾದರೆ ಸಾಕು. ಫ್ಲಾರಿಡಾದ ಕರಾವಳಿಯನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿರುವುದು ಈ ತತ್ವದ ಮೇಲೆಯೇ. ನೀರು ಏರುವ ವಲಯದವರು ಹತ್ತಾರು ಮೈಲಿ ಒಳಗೆ, ಎತ್ತರದ ಜಾಗಕ್ಕೆ ಸರಿದರೆ ಹೆದ್ದಾರಿ ತುಂಬುವುದಿಲ್ಲ, ಖರ್ಚೂ ಇಳಿಯುತ್ತದೆ. ಹೊಸದಾಗಿ ಕಟ್ಟುವ ಶಾಲೆಗಳನ್ನು ಆಶ್ರಯಕ್ಕೂ ಒದಗುವಂತೆ ಗಟ್ಟಿಯಾಗಿ ಕಟ್ಟಬೇಕೆಂಬ ನಿಯಮ ಆ ರಾಜ್ಯದಲ್ಲಿದೆ. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಬರುವಾಗ ಆಶ್ರಯ ಕೇಂದ್ರಗಳಿಗೆ ಉಬರ್ ಸವಾರಿ ಉಚಿತವಾಗಿತ್ತು, ಟೋಲ್ ವಸೂಲಿಯನ್ನೂ ನಿಲ್ಲಿಸಲಾಗಿತ್ತು. ಕಾರಿಲ್ಲದವರೂ ಇದ್ದಾರೆಂಬುದನ್ನು ಒಪ್ಪಿಕೊಂಡ ಲಕ್ಷಣವಿದು.

ಹತ್ತಿರದ ಆಶ್ರಯ ಎಂಬ ಉಪಾಯಕ್ಕೆ ನಮ್ಮ ಒಡಿಶಾಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್, 2019ರಲ್ಲಿ ಫನಿ ಬಂದಾಗ ತಲಾ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸರಿಸಲಾಯಿತು. ಸತ್ತವರ ಸಂಖ್ಯೆ ಹತ್ತಾರರಲ್ಲಿ ನಿಂತಿತು. ನಡುವೆ ಆದದ್ದು ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ಎದ್ದ ಎಂಟುನೂರಕ್ಕೂ ಹೆಚ್ಚು ಆಶ್ರಯ ಕಟ್ಟಡಗಳು, ಉಳಿದ ದಿನಗಳಲ್ಲಿ ಅವು ಶಾಲೆಯೋ ಸಭಾಭವನವೋ. ಊರೂರಲ್ಲಿ ತರಬೇತಾದ, ಮನೆಬಾಗಿಲು ತಟ್ಟುವ ಸ್ವಯಂಸೇವಕರು. ಅಲ್ಲಿನ ಬಡವರಿಗೆ ಕಳೆದುಕೊಳ್ಳಲು ಕಡಿಮೆ, ಅದಕ್ಕೇ ಎದ್ದು ಬರುತ್ತಾರೆ ಎಂದು ಕೆಲವರು ವಾದಿಸಬಹುದು. ಒಂದು ದೋಣಿ, ಎರಡು ಆಕಳು ಇರುವವರಿಗೆ ಅವೇ ಸರ್ವಸ್ವ, ಅವಕ್ಕೆ ವಿಮೆಯೂ ಇಲ್ಲ. ಅವರು ಬರುವುದು ಕಟ್ಟಡ ನಡೆದು ಹೋಗುವಷ್ಟು ಹತ್ತಿರವಿರುವುದರಿಂದ, ಕರೆಯಲು ಬಂದ ಮುಖ ಪರಿಚಿತವಾಗಿರುವುದರಿಂದ. ಈ ಬಗೆಯ ಕಟ್ಟಡಗಳ ರಾಷ್ಟ್ರೀಯ ಯೋಜನೆಯ ಎರಡನೇ ಹಂತದಲ್ಲಿ ಕರ್ನಾಟಕದ ಕರಾವಳಿಯೂ ಸೇರಿತ್ತು.

ಹತ್ತಿರ ಎಂಬುದು ಇನ್ನು ಮುಂದೆ ಅನುಕೂಲದ ಮಾತಾಗಿ ಉಳಿಯುವುದಿಲ್ಲ, ಸಮಯದ ಮಾತಾಗುತ್ತದೆ. ಕತ್ರೀನಾ ನಂತರ ನ್ಯೂ ಆರ್ಲಿಯನ್ಸ್ ಪಾಠ ಕಲಿತಿತ್ತು. 2008ರಲ್ಲಿ ಗುಸ್ತಾವ್ ಬರುವಾಗ ಊರಿನ ಹಲವೆಡೆ ಬಸ್ಸು ನಿಲ್ಲಿಸಿ ಕಾರಿಲ್ಲದ ಸಾವಿರಾರು ಜನರನ್ನು ಹೊರಗೊಯ್ದಿತು. ಆದರೆ ಆ ಯೋಜನೆಗೆ ಸುಮಾರು ಮೂರು ದಿನಗಳ ಮುನ್ಸೂಚನೆ ಬೇಕು. 2021ರ ಆಗಸ್ಟ್ 29ರಂದು, ಕತ್ರೀನಾ ಬಂದ ತಾರೀಖಿನಂದೇ, ಐಡಾ ಬಂತು. ಬೆಚ್ಚಗಿನ ಕಡಲ ನೀರಿನ ಮೇಲೆ ಒಂದೇ ದಿನದಲ್ಲಿ ಉಬ್ಬಿ ನಾಲ್ಕನೇ ಶ್ರೇಣಿಗೇರಿತ್ತು. ಇಡೀ ನಗರ ತೆರವು ಮಾಡಿಸಲು ಸಮಯವೇ ಇಲ್ಲವೆಂದು ಮೇಯರ್ ಹೇಳಬೇಕಾಯಿತು. 2023ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಅಕಾಪುಲ್ಕೊಗೆ ಬಂದ ಓಟಿಸ್ ಇನ್ನೂ ಭೀಕರ: ಸಾಮಾನ್ಯ ಬಿರುಗಾಳಿಯಾಗಿದ್ದದ್ದು ಒಂದು ದಿನದೊಳಗೆ ಐದನೇ ಶ್ರೇಣಿಯಾಯಿತು. ಸಾಗರ ಬಿಸಿಯಾದಂತೆ ಇಂಥ ದಿಢೀರ್ ಬೆಳವಣಿಗೆ ಹೆಚ್ಚುತ್ತದೆಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಮೂರು ದಿನದ ಯೋಜನೆಗೆ ಒಂದೇ ದಿನ ಸಿಕ್ಕರೆ ಉಪಯೋಗಕ್ಕೆ ಬರುವುದು ಪಕ್ಕದ ಬೀದಿಯ ಗಟ್ಟಿ ಕಟ್ಟಡ ಮಾತ್ರ.

ಇಷ್ಟಕ್ಕೆಲ್ಲ ಹಣವೆಲ್ಲಿ, ಪ್ರತಿಯೊಬ್ಬರನ್ನೂ ಸರ್ಕಾರ ಕೈಹಿಡಿದು ನಡೆಸಲಾದೀತೇ ಎಂಬ ಕೊನೆಯ ಆಕ್ಷೇಪ ಉಳಿದಿದೆ. ಪ್ರತಿಯೊಬ್ಬರನ್ನೂ ಅಲ್ಲ, ಯಾರಿಗೆ ಕೈ ಬೇಕು ಎಂಬುದು ಮೊದಲೇ ತಿಳಿದಿರುತ್ತದೆ. 2017ರಲ್ಲಿ ಇರ್ಮಾ ಹಾದುಹೋದ ಮೇಲೆ ಫ್ಲಾರಿಡಾದ ಹಾಲಿವುಡ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಎ.ಸಿ. ನಿಂತು 12 ಮಂದಿ ಸೆಕೆಗೆ ಸತ್ತರು. ರಸ್ತೆಯ ಆಚೆಗೇ ಆಸ್ಪತ್ರೆಯಿತ್ತು. ಮರುವರ್ಷವೇ ರಾಜ್ಯ ಕಾನೂನು ಮಾಡಿತು: ಇಂಥ ಕೇಂದ್ರಗಳು ನಾಲ್ಕು ದಿನ ತಂಪು ಕಾಯ್ದುಕೊಳ್ಳುವಷ್ಟು ಜನರೇಟರ್, ಇಂಧನ ಇಟ್ಟುಕೊಂಡಿರಲೇಬೇಕು. ಖರ್ಚು ಜಾಸ್ತಿಯೆಂದು ಮಾಲೀಕರು ಗೊಣಗಿದರೂ ಜನರೇಟರ್‌ಗಳು ಬಂದವು. ಲೂಯಿಸಿಯಾನಾದಲ್ಲಿ ಐಡಾ ನಂತರ ನ್ಯೂ ಆರ್ಲಿಯನ್ಸ್ ಇಡೀ ಕತ್ತಲಾದಾಗ, ಆ ನಗರದ ಸಾವುಗಳಲ್ಲಿ ಹೆಚ್ಚಿನವು ಸೆಕೆಯಿಂದ ಆದವು. ಸತ್ತವರಲ್ಲಿ ಹಿರಿಯರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟ್‌ಗಳ ಬಾಡಿಗೆದಾರರಿದ್ದರು. ಅವು ಆರೈಕೆ ಕೇಂದ್ರಗಳಲ್ಲ, ಸ್ವತಂತ್ರವಾಗಿ ಬಾಳುವವರ ಮನೆಗಳು ಎಂದು ದಾಖಲೆಯಲ್ಲಿತ್ತು. ಹಾಗಾಗಿ ಕರೆಂಟು ಹೋದರೆ ಮೇಲಿನ ಮಹಡಿಗಳವರು ಕೆಳಗಿಳಿಯುವುದು ಹೇಗೆ ಎಂಬುದಕ್ಕೆ ಕಟ್ಟಡದ ಆಡಳಿತವೇ ಉತ್ತರ ಇಟ್ಟುಕೊಂಡಿರಬೇಕೆಂದು ಯಾರೂ ಕೇಳಿರಲಿಲ್ಲ.