ಮರಳಲ್ಲಿ ಹೂತ ಗಾಡಿ



ಚಳಿಗಾಲ ಬಂತೆಂದರೆ ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಹಿಮದ ಕಥೆ ಶುರು ಮಾಡುತ್ತಾರೆ. ಬೆಟ್ಟದ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಓಡಿಸಿದ್ದು, ಹಿಮದಲ್ಲಿ ಸಿಕ್ಕಿಕೊಂಡವರನ್ನು ಎಳೆದು ಹಾಕಿದ್ದು... ಕತಾರಿನಲ್ಲಿರುವ ನಾವು ಏನು ಹೇಳೋಣ? ಇಲ್ಲಿ ಹಿಮವಿಲ್ಲ, ಬೆಟ್ಟವೂ ಇಲ್ಲ. ಇಡೀ ದೇಶದ ಅತಿ ಎತ್ತರದ ಜಾಗವೇ ಸಮುದ್ರಮಟ್ಟದಿಂದ ನೂರು ಮೀಟರಿಗಿಂತ ಚೂರು ಹೆಚ್ಚು! ಆದರೆ ನಮ್ಮಲ್ಲಿ ಮರಳಿದೆ. ಗಾಡಿ ನುಂಗುವುದರಲ್ಲಿ ಅದು ಹಿಮಕ್ಕೇನೂ ಕಡಿಮೆಯಿಲ್ಲ.

ನಮ್ಮ ಮನೆ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ. ಪ್ರಯಾಣಿಕರ ವಿಮಾನಗಳು 2014ರಲ್ಲಿ ಹೊಸ ಹಮದ್ ನಿಲ್ದಾಣಕ್ಕೆ ಹೋದರೂ ಹೆಸರು ಇಲ್ಲೇ ಉಳಿದಿದೆ. 2019ರಲ್ಲಿ ಶುರುವಾದ ಮೆಟ್ರೊದಲ್ಲೂ ನಮ್ಮ ನಿಲ್ದಾಣಕ್ಕೆ ಅರಬ್ಬಿಯಲ್ಲಿ ಅದೇ ಹೆಸರು, ಅಲ್ ಮತಾರ್ ಅಲ್ ಖದೀಮ್. ಇಲ್ಲಿಂದ ವಕ್ರಾ, ಮೆಸಯೀದ್ ದಾಟಿ ಸುಮಾರು ಒಂದು ಗಂಟೆ ಹೋದರೆ ಸೀಲೈನ್. ಅಲ್ಲಿಗೆ ಡಾಂಬರು ಮುಗಿಯಿತು. ಮುಂದೆ ಖೋರ್ ಅಲ್ ಉದೈದ್‌ವರೆಗೆ ಬರೀ ಮರಳುದಿಬ್ಬಗಳು. ಸಮುದ್ರವು ಕಿರಿದಾದ ದಾರಿಯಲ್ಲಿ ಒಳನುಗ್ಗಿ ಮರಳಿನ ನಡುವೆ ಹರಡಿಕೊಂಡ ಜಾಗವದು. ಎದುರು ದಡ ಸೌದಿ ಅರೇಬಿಯ. 2008ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಊರಿನಿಂದ ಯಾರೇ ಬಂದರೂ ತೋರಿಸಬೇಕೆನ್ನಿಸುವಂಥ ಜಾಗ.

ನಾನೂ ಹಾಗೇ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಗಾಡಿ ಕೊಂಡು ಆಗ ಮೂರು ತಿಂಗಳು. ಫೋರ್ ವೀಲ್ ಇದೆಯಲ್ಲ, ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬ ಜಂಬ! ಶುಕ್ರವಾರ ಊಟ ಮುಗಿಸಿ ಹೊರಟೆವು. ಒಂದೇ ಗಾಡಿ, ಟೈರಿನ ಗಾಳಿಯನ್ನೂ ಇಳಿಸಿರಲಿಲ್ಲ. ಎರಡನೇ ದಿಬ್ಬದ ಬುಡದಲ್ಲೇ ಗಾಡಿ ನಿಂತಿತು. ನಾನು ಆಕ್ಸಿಲರೇಟರ್ ಒತ್ತಿದೆ. ಒತ್ತಿದಷ್ಟೂ ಚಕ್ರ ಕೆಳಗಿಳಿದು, ಕೊನೆಗೆ ಗಾಡಿಯ ಹೊಟ್ಟೆಯೇ ಮರಳ ಮೇಲೆ ಕೂತಿತು.

ಫೋನಿಗೆ ಸಿಗ್ನಲ್ ಇಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಸಂಜೆಯ ಮಾತ್ರೆ ಮನೆಯಲ್ಲಿ, ತಂದಿದ್ದ ಚಿತ್ರಾನ್ನ ಖಾಲಿ. ಹೊತ್ತು ಇಳಿಯುತ್ತಿತ್ತು. ಅಪ್ಪ ಸುತ್ತ ಒಮ್ಮೆ ನೋಡಿ, "ಮಳೆಗಾಲದಲ್ಲಿ ಬಸ್ಸು ಹೂತರೆ ನಾವೆಲ್ಲ ಇಳಿದು ಐಸಾ ಅಂತ ತಳ್ತಿದ್ವು. ಇಲ್ಲಿ ತಳ್ಳೋಕೆ ಯಾರಿದಾರೆ ಮಾರಾಯ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅರ್ಧ ಗಂಟೆಯ ಮೇಲೆ ಬಿಳಿ ಲ್ಯಾಂಡ್ ಕ್ರೂಸರೊಂದು ದಿಬ್ಬ ಇಳಿದು ಬಂತು. ಕತಾರಿ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ನಮ್ಮ ಟೈರು ನೋಡಿ ನಕ್ಕ. ಮಾತಿಲ್ಲದೆ ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಚಕ್ರದ ಗಾಳಿ ಬಿಟ್ಟ. ಚಕ್ರದ ಮುಂದಿನ ಮರಳನ್ನು ನಮ್ಮಿಂದ ತೋಡಿಸಿದ. ಆಮೇಲೆ ಅಗಲವಾದ ಬೆಲ್ಟ್ ಕಟ್ಟಿ ನಿಧಾನವಾಗಿ ಎಳೆದ. ಹದಿನೈದು ನಿಮಿಷದ ಕೆಲಸ. ನಾನು ರಿಯಾಲ್ ತೆಗೆದರೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದ. "ನಾಳೆ ಬೇರೆ ಯಾರಾದರೂ ಸಿಕ್ಕಿಕೊಂಡಿರುತ್ತಾರೆ, ನೀನು ಎಳೆ. ಖಲಾಸ್" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ, ಡಾಂಬರು ಸಿಗುವವರೆಗೂ ಮುಂದೆ ಹೋಗುತ್ತ ದಾರಿ ತೋರಿಸಿದ.

ಅವನು ಗಾಳಿ ಇಳಿಸಿದ್ದೇಕೆಂದು ಆಮೇಲೆ ತಿಳಿಯಿತು. ರಸ್ತೆಯಲ್ಲಿ ಟೈರಿಗೆ ಮೂವತ್ತೈದರ ಆಸುಪಾಸು ಗಾಳಿ ಇರುತ್ತದೆ. ಅದನ್ನು ಹದಿನೈದು, ಹದಿನೆಂಟಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಭಾರ ಹಂಚಿಹೋಗಿ ಗಾಡಿ ಮರಳ ಮೇಲೆ ತೇಲಿದಂತೆ ಸಾಗುತ್ತದೆ. ಒಂಟೆಯ ಅಗಲ ಪಾದದ ಗುಟ್ಟೂ ಇದೇ ಅಲ್ಲವೇ! ನಾಲ್ಕು ಚಕ್ರ ತಿರುಗಿದರೆ ಸಾಲದು, ನಾಲ್ಕೂ ಮೆತ್ತಗಿರಬೇಕು.

ಇನ್ನೊಂದು ವಿಷಯ. ಇಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಶಮಾಲ್ ಗಾಳಿ. ಹಾಗಾಗಿ ದಿಬ್ಬದ ವಾಯವ್ಯದ ಬದಿ ಇಳಿಜಾರಾಗಿಯೂ ಆಗ್ನೇಯದ ಬದಿ ಕಡಿದಾಗಿಯೂ ಇರುತ್ತದೆ. ದೋಹಾದಿಂದ ದಕ್ಷಿಣಕ್ಕೆ ಹೋಗುವ ನಮಗೆ ಎದುರಾಗುವುದು ಸುಲಭದ ಬದಿ. ಆಚೆಗಿನ ಪ್ರಪಾತ ನೆತ್ತಿ ತಲುಪುವವರೆಗೂ ಕಾಣುವುದಿಲ್ಲ. ವೇಗವಾಗಿ ಏರಿದವರು ಹಾರಿಬೀಳುವುದು ಹೀಗೆ. ಅಲ್ಲೇ ಆಚೆ ಯಾರಾದರೂ ಹೂತು ನಿಂತಿದ್ದರೆ? ಗಾಡಿಗೆ ಉದ್ದ ಕೋಲಿನ ಬಾವುಟ ಕಟ್ಟುವುದು ಶೋಕಿಗಲ್ಲ, ಆಚೆಯವರಿಗೆ ಕಾಣಲೆಂದು.

ಎರಡು ವರ್ಷದ ನಂತರ ಸಾಲ ತೀರಿಸುವ ಸಂದರ್ಭ ಬಂತು. ಇಬ್ಬರು ಮಕ್ಕಳಿದ್ದ ಕೇರಳದ ಸಂಸಾರವೊಂದು ಸಿಕ್ಕಿಕೊಂಡಿತ್ತು. ಉತ್ಸಾಹದಿಂದ ಇಳಿದು, ನನ್ನಲ್ಲಿದ್ದ ನೈಲಾನ್ ಹಗ್ಗವನ್ನು ಹಿಂದೆ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಕಟ್ಟಿ, ಜೋರಾಗಿ ಒಂದು ಜಗ್ಗು ಕೊಟ್ಟೆ. ಹಗ್ಗ ತುಂಡಾಗಿ ಚಾಟಿಯಂತೆ ಹಿಂದಕ್ಕೆ ಬಂದು ನನ್ನ ಗಾಡಿಯ ಹಿಂದಿನ ಗಾಜು ಪುಡಿಯಾಯಿತು. ಒಂದು ನಿಮಿಷ ಮುಂಚೆ ಆ ಮಕ್ಕಳು ಅದರ ಪಕ್ಕದಲ್ಲೇ ನಿಂತಿದ್ದರು. ನನ್ನ ಹೆಂಡತಿ ನೆರಳಿಗೆಂದು ಕರೆದುಕೊಂಡು ಹೋಗಿದ್ದರಿಂದ ಬಚಾವ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಗ್ಗದ ಬದಲು ಆ ಉಂಡೆಯೇ ಕಿತ್ತು ಬಂದಿದ್ದರೆ ಅದು ಗುಂಡಿನ ಹಾಗೆ!

ಸಹಾಯಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ಕೆಲಸವೂ ಗೊತ್ತಿರಬೇಕೆಂದು ಆ ದಿನ ಅರ್ಥವಾಯಿತು. ಮರುವಾರವೇ ಬಲ್ಲವರ ಹಿಂದೆ ಹೋಗಿ ಕಲಿತೆ. ಕಲಿತದ್ದರ ಸಾರ ಇಷ್ಟು:

1. ಒಂಟಿ ಗಾಡಿಯಲ್ಲಿ ಹೋಗಬೇಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸೆಂದು ಮನೆಯಲ್ಲಿ ಹೇಳಿ ಹೊರಡಿ.

2. ಗಾಡಿ ಹೂತ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಮೊದಲು ಗಾಳಿ, ಆಮೇಲೆ ಸಲಿಕೆ, ಎಳೆಯುವುದು ಕೊನೆಗೆ. ಎಷ್ಟೋ ಗಾಡಿಗಳು ಮೊದಲೆರಡಕ್ಕೇ ಎದ್ದು ಬರುತ್ತವೆ.

3. ಎಳೆಯಲು ಅದಕ್ಕೆಂದೇ ಮಾಡಿದ ಬೆಲ್ಟ್ ಬಳಸಿ, ಚಾಸಿಗೆ ಭದ್ರವಾಗಿ ಕೂರಿಸಿದ ಕೊಕ್ಕೆಗೇ ಕಟ್ಟಿ. ಡ್ರೈವರುಗಳನ್ನು ಬಿಟ್ಟು ಉಳಿದವರೆಲ್ಲ ಬೆಲ್ಟಿನ ಉದ್ದಕ್ಕಿಂತ ದೂರ ನಿಲ್ಲಲಿ.

4. ದಿಬ್ಬವನ್ನು ನೇರವಾಗಿ ಏರಿ, ನೇರವಾಗಿ ಇಳಿಯಿರಿ. ಅಡ್ಡಡ್ಡ ಹೋದರೆ ಗಾಡಿ ಮಗುಚುತ್ತದೆ.

5. ಬೇಕೆನ್ನಿಸಿದ್ದಕ್ಕಿಂತ ಎರಡು ಪಟ್ಟು ನೀರು, ತಿನ್ನಲು ಏನಾದರೂ, ದೊಡ್ಡವರ ಮಾತ್ರೆ ಜೊತೆಗಿರಲಿ.

ಸಬ್ಖಾ ಮಾತ್ರ ಬೇರೆಯೇ ಸಂಗತಿ. ಖೋರ್ ಕಡೆಯ ಉಪ್ಪುಬಯಲು ಮೇಲೆ ಗಟ್ಟಿ ಹಪ್ಪಳದಂತೆ ಕಾಣುತ್ತದೆ, ಒಳಗೆ ಕೆಸರು. ಅಲ್ಲಿ ಹೂತ ಗಾಡಿಯನ್ನು ಎಳೆಯಲು ಹೋದ ಗಾಡಿಯೂ ಹೂಳುತ್ತದೆ. ಉಬ್ಬರ ಬಂದರೆ ನೀರೂ ಏರುತ್ತದೆ. ಅಂಥಲ್ಲಿ ಮೊದಲು ಜನರನ್ನು ಇಳಿಸಿ ಗಟ್ಟಿ ನೆಲಕ್ಕೆ ಕರೆತನ್ನಿ, 999ಕ್ಕೆ ಫೋನ್ ಮಾಡಿ. ಗಾಡಿ ಹೋದರೆ ಹೋಗಲಿ.

ಹೋದ ಚಳಿಗಾಲದಲ್ಲಿ ಬೆಳ್ಳಂಬೆಳಿಗ್ಗೆ ದಿಬ್ಬವೊಂದರ ಕೆಳಗೆ ಹೊಸ ಗಾಡಿ ಹೂತು ನಿಂತಿತ್ತು. ಹತ್ತಿರ ಹೋಗುವಾಗ "ಅಯ್ಯೋ ಶಿವನೇ, ಏನ್ ಮಾಡ್ಲಿ ಈಗ" ಎಂಬ ದನಿ ಕೇಳಿಸಿತು. "ಮೊದ್ಲು ಗಾಳಿ ಬಿಡಿ ಸ್ವಾಮಿ" ಎಂದು ನಾನು ಕನ್ನಡದಲ್ಲೇ ಕೂಗಿದಾಗ ಆ ಮನುಷ್ಯನ ಮುಖ ನೋಡಬೇಕಿತ್ತು! ಕತಾರಿಗೆ ಬಂದು ಆರು ತಿಂಗಳಾಗಿತ್ತಷ್ಟೆ, ಹುಬ್ಬಳ್ಳಿ ಕಡೆಯವರು. ಗಾಳಿ ಬಿಟ್ಟು, ಮರಳು ತೋಡಿ, ಬೆಲ್ಟ್ ಕಟ್ಟಿ ಹೊರಗೆಳೆದೆವು. ಅವರು ಪರ್ಸ್ ತೆಗೆದರು. ನಾನು ಎದೆಯ ಮೇಲೆ ಕೈಯಿಟ್ಟು ಆ ಹುಡುಗನ ಮಾತನ್ನೇ ಹೇಳಿದೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಐಸಾ ಅಂದ್ರಾ, ಇಲ್ವಾ?"

ಅಂದಿದ್ದೆವು.

ಈ ಚಳಿಗಾಲದಲ್ಲಿ ಸೀಲೈನ್ ಕಡೆ ಮೊದಲ ಸಲ ಹೊರಡುವವರು ಒಂದು ಮಾತು ಹೇಳಿ, ಜೊತೆಯಾಗಿ ಹೋಗೋಣ. ಬೆಲ್ಟ್, ಸಲಿಕೆ ನಮ್ಮಲ್ಲಿವೆ. ಚಿತ್ರಾನ್ನ ನೀವು ತನ್ನಿ!

ಸಿರಿಗನ್ನಡಂ ಗೆಲ್ಗೆ.

ಇಂತು,
ಓಲ್ಡ್ ಏರ್‌ಪೋರ್ಟಿನ ನಿಮ್ಮ ಮಿತ್ರ