ನೆಲಕ್ಕೆ ತಳ ಇದೆಯೇ?

ಸಿರಿಗೆರೆ ಕಡೆಯ ಹಳ್ಳಿಗೆ ಬೋರು ಕೊರೆಯುವ ಲಾರಿ ಬಂತೆಂದರೆ ಜನ ಸೇರುತ್ತಾರೆ. ಮೊದಲು ಮಣ್ಣು ಬರುತ್ತದೆ. ಆಮೇಲೆ ಗರಸು. ಆಮೇಲೆ ಬರೀ ಕಲ್ಲಿನ ಹುಡಿ. ನೀರಿನ ಸುಳಿವಿಲ್ಲ.

"ಇನ್ನೂ ನೂರು ಅಡಿ ಹೋಗಲಿ" ಅನ್ನುತ್ತಾನೆ ಯಜಮಾನ. ಅವನ ಹೆಂಡತಿ ಮನಸ್ಸಿನಲ್ಲೇ ಸಾಲದ ಲೆಕ್ಕ ಹಾಕುತ್ತಾಳೆ. ಪಕ್ಕದಲ್ಲಿ ನಿಂತ ಅಜ್ಜಿ ಕೇಳುತ್ತಾಳೆ: "ಅಲ್ಲಪ್ಪಾ, ಈ ನೆಲಕ್ಕೆ ತಳ ಅನ್ನೋದು ಐತೋ ಇಲ್ವೋ?"

ಒಳ್ಳೆಯ ಪ್ರಶ್ನೆ. ಬನ್ನಿ ಅಕ್ಕಂದಿರೇ, ತಿಳಿಯೋಣ.

ಮಾವಿನ ಹಣ್ಣಿನ ಹಾಗೆ

ನಮ್ಮ ಭೂಮಿ ಒಂದು ದೊಡ್ಡ ಗುಂಡು. ಮೇಲಿನಿಂದ ನಟ್ಟನಡುವಿಗೆ 6,371 ಕಿಲೋಮೀಟರ್. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ಅಂಥ ಮೂವತ್ತು ದಾರಿಗಿಂತ ಹೆಚ್ಚು!

ಮಾವಿನ ಹಣ್ಣನ್ನು ನೆನೆಸಿಕೊಳ್ಳಿ. ಮೇಲೆ ಸಿಪ್ಪೆ, ಒಳಗೆ ಹಣ್ಣು, ನಡುವೆ ಗೊರಟೆ. ಭೂಮಿಗೂ ಹೀಗೆ ಮೂರು ಪದರ ಇವೆ.

ಮೇಲಿನ ಸಿಪ್ಪೆ ನಾವು ಉಳುವ, ನಡೆಯುವ ನೆಲ. ನಮ್ಮ ಕಡೆ ಇದರ ದಪ್ಪ ಸುಮಾರು 35-40 ಕಿಲೋಮೀಟರ್. ಸಮುದ್ರದ ಕೆಳಗೆ ಇನ್ನೂ ತೆಳು.

ಅದರ ಕೆಳಗೆ ನಡುಪದರ. ಅದು 2,900 ಕಿಲೋಮೀಟರ್ ಆಳದವರೆಗೆ ಇದೆ. ಅಲ್ಲಿ ಬಹಳ ಬಿಸಿಯಾದ ಕಲ್ಲು ಇದೆ.

ಎಲ್ಲಕ್ಕಿಂತ ಒಳಗೆ ಗೊರಟೆ. ಅದರಲ್ಲಿ ಹೆಚ್ಚಿನದು ಕಬ್ಬಿಣ. ಗೊರಟೆಯ ಹೊರಭಾಗ ಕರಗಿದ ಕಬ್ಬಿಣ. ನಟ್ಟನಡುವೆ ಮಾತ್ರ ಗಟ್ಟಿ ಕಬ್ಬಿಣ. ಅಲ್ಲಿ ಬಿಸಿ 5,000 ಡಿಗ್ರಿಗೂ ಹೆಚ್ಚು. ಆದರೂ ಯಾಕೆ ಕರಗಿಲ್ಲ? ಸುತ್ತಲಿನ ಭಾರ ಅದನ್ನು ಅಷ್ಟು ಒತ್ತಿ ಹಿಡಿದಿದೆ.

ಇಳಿದು ನೋಡಿದವರು ಯಾರು?

ಯಾರೂ ಇಲ್ಲ. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ ಇತ್ತು. 2001ರಲ್ಲಿ ಅದು ಮುಚ್ಚಿತು. ಅಷ್ಟು ಕೆಳಗೆ ಬಂಡೆಗಳು ಕೈ ಇಡಲಾಗದಷ್ಟು ಬಿಸಿ. ರಷ್ಯಾದಲ್ಲಿ 12 ಕಿಲೋಮೀಟರ್ ಆಳಕ್ಕೆ ಒಂದು ತೂತು ಕೊರೆದರು. ಅದೂ ಸಿಪ್ಪೆಯನ್ನು ದಾಟಲಿಲ್ಲ.

ಹಾಗಾದರೆ ಒಳಗಿನದು ತಿಳಿದದ್ದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ನೀವೇನು ಮಾಡುತ್ತೀರಿ? ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೀರಿ. ಒಡಕಿದ್ದರೆ ಗೊತ್ತಾಗುತ್ತದೆ. ಭೂಕಂಪ ಆದಾಗ ಭೂಮಿಯನ್ನು ತಟ್ಟಿದ ಹಾಗೆ. ಅದರ ಅಲೆ ಭೂಮಿಯ ಒಳಗೆ ಹಾದು ಬರುತ್ತದೆ. ಆ ಅಲೆಯನ್ನು ಯಂತ್ರಗಳಲ್ಲಿ ಅಳೆಯುತ್ತಾರೆ. ನಟ್ಟನಡುವೆ ಬೇರೆಯೇ ಒಂದು ಗುಂಡು ಇದೆ ಎಂದು ಹೀಗೆ ಲೆಕ್ಕ ಹಾಕಿ ಹೇಳಿದವರು ಒಬ್ಬ ಹೆಂಗಸು. ಡೆನ್ಮಾರ್ಕ್ ದೇಶದ ಇಂಗೆ ಲೆಹ್ಮನ್. ಅದು 1936ನೇ ಇಸವಿ.

ನಮ್ಮ ಸೀಮೆಯ ಕಲ್ಲು

ಚಿತ್ರದುರ್ಗದ ಕೋಟೆಯ ಬಂಡೆ ನೋಡಿದ್ದೀರಲ್ಲ? ಅದು ಹಿಂದೆ ನೆಲದ ಆಳದಲ್ಲಿ ಕುದಿಯುವ ಪಾಕವಾಗಿತ್ತು. ನಿಧಾನವಾಗಿ ಆರಿ ಬಂಡೆಯಾಯಿತು. ಅದರ ಮೇಲಿದ್ದದ್ದೆಲ್ಲ ಮಳೆ ಗಾಳಿಗೆ ಸವೆದು ಹೋಯಿತು. ಬಂಡೆ ಹೊರಗೆ ಕಂಡಿತು.

ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿಯ ಕಲ್ಲುಗಳು ದಿಂಬು ಜೋಡಿಸಿಟ್ಟ ಹಾಗೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷದ ಹಿಂದೆ ಅಲ್ಲಿ ನೀರು ನಿಂತಿತ್ತು. ನೀರಿನ ಅಡಿಯಲ್ಲಿ ಬೆಂಕಿಯಂಥ ಪಾಕ ಉಕ್ಕಿತು. ನೀರು ತಾಗಿ ತಟ್ಟನೆ ಆರಿ ದಿಂಬಿನಂತಾಯಿತು. ಸರ್ಕಾರ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಎಂದು ಕಾಪಾಡಿದೆ. ಇವತ್ತು ನೀರಿಗೆ ಪರದಾಡುವ ಸೀಮೆಯಲ್ಲಿ ಅಂದು ನೀರೋ ನೀರು!

ನೀರು ಇರುವುದೆಲ್ಲಿ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಸಾವಿರ ಅಡಿ ಬೋರು ಎಂದರೆ ಬರೀ 300 ಮೀಟರ್. ಕೆಳಗೆ ಇನ್ನೂ ಎಷ್ಟೋ ಕಿಲೋಮೀಟರ್ ಕಲ್ಲೇ ಇದೆ. ನೆಲದ ಕೆಳಗೆ ನೀರಿನ ಹೊಳೆ ಹರಿಯುತ್ತಿದೆ ಎಂದು ಕೆಲವರು ತಿಳಿದಿದ್ದಾರೆ. ನಮ್ಮ ಗಟ್ಟಿ ಕಲ್ಲಿನಲ್ಲಿ ಹಾಗಿಲ್ಲ. ಮೇಲಿನ ಗರಸಿನಲ್ಲಿ, ಕಲ್ಲಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಂತೆ ಬಿರುಕು ಕಡಿಮೆಯಾಗುತ್ತದೆ. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂಬುದು ತಪ್ಪು.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಹಲವು ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕಲ್ಲಿನಿಂದ ನೀರಿಗೆ ಸೇರುತ್ತದೆ. ಮಕ್ಕಳ ಹಲ್ಲು ಕಂದಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಕೆಡುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಯಲ್ಲಿ ಕೇಳಿ.

ಬಿರುಕಿನಲ್ಲಿರುವ ನೀರು ಎಲ್ಲಿಯದು? ಮೇಲಿನಿಂದ ಇಂಗಿದ ಮಳೆಯದೇ. ಇಂಗಿದ್ದಕ್ಕಿಂತ ಹೆಚ್ಚು ಎತ್ತಿದರೆ ಬೋರು ಬತ್ತುತ್ತದೆ. ಕೆರೆಯ ಹೂಳು ತೆಗೆಸಬೇಕು. ಹೊಲಕ್ಕೆ ಬದು ಹಾಕಬೇಕು. ಬೋರಿನ ಸುತ್ತ ಇಂಗುಗುಂಡಿ ಮಾಡಬೇಕು.

ನೆಲಕ್ಕೆ ತಳ ಬಹಳ ದೂರ ಇದೆ, ಅಜ್ಜಿ. ನೀರು ಮಾತ್ರ ಮೇಲೇ ಇದೆ. ಅದನ್ನು ಉಳಿಸಿಕೊಳ್ಳೋಣ.

ಮಾತಾಡಿಕೊಳ್ಳಿ

1. ಭೂಮಿಯ ಮೂರು ಪದರ ಯಾವುವು?
2. ನಿಮ್ಮೂರಲ್ಲಿ ಬತ್ತಿದ ಬೋರು ಎಷ್ಟು? ಅವುಗಳ ಆಳ ಎಷ್ಟು?
3. ನಿಮ್ಮೂರ ಮಳೆ ನೀರು ಹರಿದು ಎಲ್ಲಿಗೆ ಹೋಗುತ್ತದೆ? ಅದನ್ನು ಎಲ್ಲಿ ನಿಲ್ಲಿಸಬಹುದು?