ಅರೆ ಅಜ್ಞಾತವಾಸ

ಮಗಳ ಪರೀಕ್ಷೆಯ ಪ್ರವೇಶಪತ್ರವನ್ನು ಅಚ್ಚು ಮಾಡಿಸಲೆಂದು ಗೃಹಸ್ಥರೊಬ್ಬರು ಬೀದಿಯ ಮೂಲೆಯ ಜೆರಾಕ್ಸ್ ಅಂಗಡಿಗೆ ಹೋದರೆನ್ನಿ. ಅದು ಹತ್ತಾರು ಜನ ಮುಟ್ಟುವ ಕಂಪ್ಯೂಟರ್. ಆದಕಾರಣ ಅವರು ಕ್ರೋಮ್ ಬ್ರೌಸರಿನ ‘ಇನ್‌ಕಾಗ್ನಿಟೊ’ ಕಿಟಕಿಯನ್ನೇ ತೆರೆದು, ಇ-ಮೇಲಿನ ಪಾಸ್‌ವರ್ಡ್ ಕೊಟ್ಟು, ಪತ್ರವನ್ನು ಇಳಿಸಿಕೊಂಡು, ಅಚ್ಚಾದ ಮೇಲೆ ಕಿಟಕಿಯನ್ನು ಮುಚ್ಚಿ ನಿಶ್ಚಿಂತೆಯಿಂದ ಮನೆಗೆ ನಡೆಯುತ್ತಾರೆ. ಇ-ಮೇಲಿನ ಮಟ್ಟಿಗೆ ಆ ನಿಶ್ಚಿಂತೆ ಬಹುಪಾಲು ಸರಿಯೆ. ಆದರೆ ಮಗಳ ಭಾವಚಿತ್ರ, ಜನ್ಮದಿನಾಂಕಗಳಿರುವ ಪತ್ರದ ಪ್ರತಿ ಅಂಗಡಿಯ ಯಂತ್ರದ ‘ಡೌನ್‌ಲೋಡ್ಸ್’ ಖಾನೆಯಲ್ಲಿ ಹಾಗೆಯೇ ಉಳಿದಿದೆ. ಇಳಿಸಿಕೊಂಡ ಕಡತವನ್ನು ಈ ಕಿಟಕಿ ಅಳಿಸುವುದಿಲ್ಲ.

ಹಾಗಾದರೆ ಅದು ಅಳಿಸುವುದಾದರೂ ಏನನ್ನು? ಯಾವುದೇ ಜಾಲತಾಣದಲ್ಲಿ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೊಡನೆ, ಆ ತಾಣವು ಬ್ರೌಸರಿನ ಕೈಗೆ ಒಂದು ಗುರುತಿನ ಚೀಟಿಯನ್ನು ಕೊಡುತ್ತದೆ. ಇದಕ್ಕೆ ‘ಕುಕಿ’ ಎಂದು ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಎಂಜಿನಿಯರ್ ಲೂ ಮೊಂಟುಲಿ ಹೂಡಿದ ಉಪಾಯ. ಚೀಟಿಯನ್ನು ತೋರಿಸುತ್ತಿರುವವರೆಗೆ ತಾಣವು ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ಯಂತ್ರದ ಮುಂದೆ ಬಂದು ಕುಳಿತ ಮತ್ತೊಬ್ಬನನ್ನೂ ಕೇಳುವುದಿಲ್ಲ! ಸಾಮಾನ್ಯ ಕಿಟಕಿ ಈ ಚೀಟಿಗಳನ್ನು ಡಿಸ್ಕಿನಲ್ಲಿ ಜೋಪಾನ ಮಾಡುತ್ತದೆ. ಖಾಸಗಿ ಕಿಟಕಿಯಾದರೋ ಬರಿಗೈಯಲ್ಲಿ ಹೊರಟು, ಸಿಕ್ಕಿದ ಚೀಟಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ಮುಚ್ಚುವಾಗ ಎಲ್ಲವನ್ನೂ ಚೆಲ್ಲಿಬಿಡುತ್ತದೆ. ನೋಡಿದ ಪುಟಗಳ ಪಟ್ಟಿಯನ್ನೂ ಉಳಿಸುವುದಿಲ್ಲ. ಬ್ಯಾಂಕಿನ ತಾಣವು ಈ ಕಿಟಕಿಯಲ್ಲಿ ಪ್ರತಿಸಲವೂ ಅಪರಿಚಿತರನ್ನು ಕಂಡಂತೆ ಒ.ಟಿ.ಪಿ. ಕೇಳುವುದು ಇದರಿಂದಲೇ. ಗೊಣಗುವವರುಂಟು, ಆದರೆ ಪರರ ಯಂತ್ರದಲ್ಲಿ ಆ ತೊಂದರೆಯೇ ರಕ್ಷಣೆ.

‘ಮುಚ್ಚುವಾಗ’ ಎಂಬ ಮಾತನ್ನು ಮಾತ್ರ ಗಮನಿಸಬೇಕು. ಕ್ರೋಮಿನಲ್ಲಿ ತೆರೆದ ಇನ್‌ಕಾಗ್ನಿಟೊ ಕಿಟಕಿಗಳಿಗೆಲ್ಲ ಚೀಟಿಯ ಚೀಲ ಒಂದೇ. ನಾಲ್ಕರಲ್ಲಿ ಮೂರನ್ನು ಮುಚ್ಚಿದರೆ ಚೀಲ ಖಾಲಿಯಾಗದು, ಕೊನೆಯದೂ ಮುಚ್ಚಬೇಕು. ಮೊಬೈಲಿನಲ್ಲಿ ಈ ತಪ್ಪು ಇನ್ನೂ ಸುಲಭ. ಪರದೆಯಿಂದ ಬ್ರೌಸರು ಮರೆಯಾದರೆ ಮುಚ್ಚಿತೆಂದೇ ಜನ ಭಾವಿಸುತ್ತಾರೆ. ಒಳಗೆ ಖಾತೆ ತೆರೆದೇ ಇರುತ್ತದೆ.

ಮೊದಲು ಇಂಥ ಸೌಕರ್ಯವನ್ನು ತಂದದ್ದು 2005ರಲ್ಲಿ ಆಪಲ್ ಸಂಸ್ಥೆಯ ಸಫಾರಿ; ಕ್ರೋಮ್ 2008ರಲ್ಲಿ, ಫೈರ್‌ಫಾಕ್ಸ್ 2009ರಲ್ಲಿ ಅನುಸರಿಸಿದುವು. ಇನ್‌ಕಾಗ್ನಿಟೊ ಎಂದರೆ ಅಜ್ಞಾತ. ಕನ್ನಡಿಗರಿಗೆ ಪಾಂಡವರ ನೆನಪಾಗುವುದು ಸಹಜ. ಆದರೆ ಪಾಂಡವರು ಆಶ್ರಯ ಕೊಟ್ಟ ವಿರಾಟನಿಗೂ ತಿಳಿಯದಂತೆ, ಹಸ್ತಿನಾವತಿಯ ಗೂಢಚಾರರಿಗೂ ಸಿಕ್ಕದಂತೆ ವರ್ಷ ಕಳೆದರು. ಈ ಕಿಟಕಿಯ ಅಜ್ಞಾತವಾಸದಲ್ಲಿ ವಿರಾಟನಿಗೆ ತಿಳಿಯದು, ಹಸ್ತಿನಾವತಿಗೆ ತಿಳಿಯುತ್ತದೆ. ಅಂದರೆ, ಅದೇ ಯಂತ್ರವನ್ನು ಬಳಸುವ ಮನೆಯವರಿಗೆ ಸುಳಿವು ಸಿಕ್ಕದಿದ್ದರೂ, ಇಂಟರ್‌ನೆಟ್ ಒದಗಿಸುವ ಕಂಪನಿಗೆ, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೆ, ಭೇಟಿಯಿತ್ತ ತಾಣಕ್ಕೆ ಸುಳಿವು ಹೋಗಿಯೇ ಹೋಗುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕ ಮೇಲಂತೂ ಆ ತಾಣದ ಮುಂದೆ ಅಜ್ಞಾತದ ಮಾತೇ ಇಲ್ಲ.

ಈ ಭೇದವನ್ನು ತಿಳಿಯದೆ ನಂಬಿದವರು ಲಕ್ಷಾಂತರ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವರು ಗೂಗಲ್ ಮೇಲೆ ಮೊಕದ್ದಮೆ ಹೂಡಿದರು. ಖಾಸಗಿ ಕಿಟಕಿಯಲ್ಲಿದ್ದಾಗಲೂ, ಇತರ ತಾಣಗಳಲ್ಲಿ ಅಳವಡಿಸಿದ ತನ್ನ ಸಾಧನಗಳ ಮೂಲಕ ಅದು ಮಾಹಿತಿ ಸಂಗ್ರಹಿಸುತ್ತಿತ್ತೆಂಬುದು ಅವರ ದೂರು. ಸಂಸ್ಥೆ ತಪ್ಪೊಪ್ಪಿಕೊಳ್ಳಲಿಲ್ಲ, ಆದರೂ 2024ರ ರಾಜಿಯಲ್ಲಿ ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಸಮ್ಮತಿಸಿತು. ಕಿಟಕಿಯ ಮೊದಲ ಪುಟದ ಎಚ್ಚರಿಕೆಯ ಮಾತುಗಳೂ ಬದಲಾದುವು.

ಮತ್ತೆ ಜೆರಾಕ್ಸ್ ಅಂಗಡಿಗೆ. ಆ ಗೃಹಸ್ಥರು ಏಳುವ ಮುನ್ನ ಖಾತೆಯಿಂದ ‘ಲಾಗ್ ಔಟ್’ ಆಗಿ, ಪ್ರವೇಶಪತ್ರದ ಕಡತವನ್ನು ಅಳಿಸಿ, ‘ರಿಸೈಕಲ್ ಬಿನ್’ ಅನ್ನೂ ಬರಿದು ಮಾಡಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು. ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ಬರೆದುಕೊಳ್ಳುವ ತಂತ್ರಾಂಶ ಆ ಯಂತ್ರದಲ್ಲಿ ಅಡಗಿದ್ದರೆ ಅಷ್ಟೂ ಸಾಲದು. ಬ್ಯಾಂಕಿನ ಕೆಲಸವನ್ನು ಅಲ್ಲಿ ಮಾಡದಿರುವುದೇ ಲೇಸು. ಇನ್ನು ಸೈಬರ್ ಕೆಫೆಯಾದರೆ, ಗಿರಾಕಿಗಳು ನೋಡಿದ ತಾಣಗಳ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾದಿರಿಸಬೇಕೆಂದು ಭಾರತ ಸರ್ಕಾರದ 2011ರ ನಿಯಮಗಳೇ ಮಾಲೀಕನಿಗೆ ವಿಧಿಸಿವೆ.